ಒಂದು ಮೊರ ಹಳದಿ ಮಣ್ಣು

ಚೊಂಬಿನ ನೀರು ತಿಳಿಯಾಗುವವರೆಗೆ ಹುರುಳಿ ಆರಿಸೋಣವೆಂದು ಜಗುಲಿಯ ಮೇಲೆ ಮೊರ ಹಿಡಿದು ಕೂತಿದ್ದೆ. ಕಲ್ಲು ಒಂದು ಕಡೆ, ಸೊಟ್ಟ ಕಾಳು ಒಂದು ಕಡೆ. ನಡುನಡುವೆ ಚೊಂಬಿನೊಳಗೆ ಇಣುಕುತ್ತಿದ್ದೆ. ಹಿಂದಿನ ಸಂಜೆ ಹದವಾದ ಮಳೆ ಬಂದಿತ್ತು. ಮಳೆ ಬಂದ ಮರುದಿನ ಬೆಳಿಗ್ಗೆ ಹೊಲದ ಕೆಳಮೂಲೆಗೆ ಹೋಗಿ, ನೀರು ಬದು ದಾಟಿ ಹೊರಬೀಳುವಲ್ಲಿ ಒಂದು ಚೊಂಬು ಹಿಡಿದು ತಂದು, ಅದು ತಿಳಿಯಾದ ಮೇಲೆ ತಳದಲ್ಲಿ ಏನು ಕೂತಿದೆ ಎಂದು ನೋಡುವುದು ನಮ್ಮ ಮನೆಯ ಹೆಂಗಸರ ಕೆಲಸ. ನಮ್ಮತ್ತೆ ಮಂಚಮ್ಮ ಬದುಕಿರುವವರೆಗೂ ಮಾಡಿದರು. ಅವರಿಗೆ ಅವರತ್ತೆ ಕಲಿಸಿದ್ದರಂತೆ. ಆ ಚೊಂಬಿನಲ್ಲಿ ಯಾರೂ ನೀರು ಕುಡಿಯುವುದಿಲ್ಲ.

ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ ಚೊಂಬನ್ನು ಬಿಸಿಲಿಗೆ ಓರೆ ಮಾಡಿದೆ. ತಳದಲ್ಲಿ ಹಳದಿ ಇತ್ತು. ಗೌರಿಗೆ ಹಚ್ಚಲು ಕಲಸಿಟ್ಟ ಅರಿಸಿನದ ಹಾಗೆ ನುಣ್ಣಗೆ, ಬೆರಳಿಟ್ಟರೆ ಉಗುರು ಮುಳುಗುವಷ್ಟು. ಮೊರ ಪಕ್ಕಕ್ಕಿಟ್ಟು ಇನ್ನೊಮ್ಮೆ ನೋಡಿದೆ. ಹುರುಳಿಯ ವರ್ಷ ನಮ್ಮ ಚೊಂಬಿನಲ್ಲಿ ಹಳದಿ ಕೂತದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ.

ನಮ್ಮ ಹೊಲಕ್ಕೆ ಒಂದು ಸುತ್ತು ಇದೆ. ಒಂದು ವರ್ಷ ರಾಗಿ, ನಡುನಡುವೆ ಅವರೆಯ ಸಾಲು. ರಾಗಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಬುಡದ ಕೂಳೆಯನ್ನು ಕೀಳುವುದಿಲ್ಲ. ಮರುವರ್ಷ ಆ ಕೂಳೆಯ ಸಂದಿಯಲ್ಲೇ ಹುರುಳಿ ಎರಚುತ್ತೇವೆ. ಅದರಾಚೆ ಹುಚ್ಚೆಳ್ಳು. ಆಮೇಲೊಂದು ವರ್ಷ ಏನೂ ಇಲ್ಲ, ಹುಲ್ಲು ಬೆಳೆದಷ್ಟು ಬೆಳೆಯಲಿ ಎಂದು ಬಿಟ್ಟುಬಿಡುತ್ತೇವೆ. ಗುಡ್ಡದ ಹೊಲ, ಮೇಲಿನ ಬದುವಿನಲ್ಲಿ ಕುಂಬಳಕಾಯಿ ಇಟ್ಟರೆ ಕೆಳಗಿನ ಬದುವಿಗೆ ಹೋಗಿ ನಿಲ್ಲುವಷ್ಟು ಇಳಿಜಾರು. ಅಂಥ ಹೊಲದಲ್ಲಿ ಮಣ್ಣು ಕೂತಲ್ಲೇ ಕೂತಿರುವುದು ಹೇಗೆ ಎಂದು ನಾನು ಹೊಸದರಲ್ಲಿ ಅತ್ತೆಯನ್ನು ಕೇಳಿದ್ದೆ. "ರಾಗಿ ಮಣ್ಣನ್ನ ಹಿಡ್ಕತದೆ, ಹುರುಳಿ ಹೊದಿಸ್ತದೆ, ಹುಲ್ಲು ಹೊಲಿಗೆ ಹಾಕ್ತದೆ. ಹುಚ್ಚೆಳ್ಳು ಸುಮ್ನೆ, ನಮ್ಗೆ ಚಟ್ನಿಗೆ" ಎಂದಿದ್ದರು. ರಾಗಿಯ ವರ್ಷ ಚೊಂಬಿನ ತಳದಲ್ಲಿ ಕಾಡಿಗೆಯ ಗೆರೆಯಷ್ಟು ಮಣ್ಣು ಕೂರುತ್ತದೆ. ಹುರುಳಿಯ ವರ್ಷ ಅದೂ ಇರುವುದಿಲ್ಲ.

ಇಷ್ಟೆಲ್ಲ ಯಾಕೆ ನೋಡಬೇಕು ಎಂದರೆ, ನಮ್ಮೂರಿನಲ್ಲಿ ಮಣ್ಣು ಬೆರೆಯುವುದಿಲ್ಲ. ಒಬ್ಬೊಬ್ಬರ ಹೊಲಕ್ಕೆ ಒಂದೊಂದು ಬಣ್ಣ. ನಮ್ಮದು ಅರಿಸಿನ. ನಮ್ಮ ಕೆಳಗಿನ ದುಂಡಮ್ಮನದು ಕಾಡಿಗೆಗಪ್ಪು. ಆಚೆ ದಿಬ್ಬದ ಕಮ್ಮಾರರದು ಸುಟ್ಟ ಹೆಂಚಿನ ಕೆಂಪು. ಒಬ್ಬರ ಮಣ್ಣು ಇನ್ನೊಬ್ಬರ ಹೊಲಕ್ಕೆ ಇಳಿದರೆ, ಎಷ್ಟು ಉತ್ತರೂ ಎಷ್ಟು ಹರಗಿದರೂ ಅದು ಅದರ ಬಣ್ಣದಲ್ಲೇ ಇರುತ್ತದೆ. ಮಣ್ಣು ಇಳಿದ ಎರಡು ಮನೆಗಳು ಅಂದಿನಿಂದ ನಂಟರು. ಅದೂ ಒಡಹುಟ್ಟಿದವರ ನಂಟು. ಒಂದು ಬೊಗಸೆ ಇಳಿದರೆ ಯಾರೂ ಲೆಕ್ಕಕ್ಕಿಡುವುದಿಲ್ಲ, ಒಂದು ಮೊರ ತುಂಬಬೇಕು. ಕೆಳಗಿನ ಮನೆಯ ಹೆಂಗಸು ಆ ಮಣ್ಣನ್ನು ಮೊರದಲ್ಲಿ ಹೊತ್ತು ಮೇಲಿನ ಮನೆಗೆ ಬರುತ್ತಾಳೆ. ಮೇಲಿನವಳು ಮಡಿಲೊಡ್ಡಿ ಇಸಿದುಕೊಂಡು, ಅವಳನ್ನು ಕೂರಿಸಿ ಮುದ್ದೆ, ಹುರುಳಿ ಬಸ್ಸಾರು ಬಡಿಸುತ್ತಾಳೆ. ಇದಕ್ಕೆ ಮೊರ ಹತ್ತುವುದು ಎನ್ನುತ್ತಾರೆ. ಮೊರ ಹತ್ತಿದ ಮೇಲೆ ಎರಡು ಮನೆಗಳಿಗೂ ಒಂದೇ ಸೂತಕ. ಗೌರಿಹಬ್ಬಕ್ಕೆ ಬಾಗಿನ ಹೋಗುತ್ತದೆ, ಬರುತ್ತದೆ. ಕೊಟ್ಟು ತರುವ ಸಂಬಂಧ ಮಾತ್ರ ಅಲ್ಲಿಗೆ ಮುಗಿಯಿತು, ಅಣ್ಣ ತಂಗಿಯರಿಗೆ ಯಾರಾದರೂ ಮದುವೆ ಮಾಡುತ್ತಾರೆಯೇ?

ಹೊತ್ತುಕೊಂಡು ಹೋಗಿ ಸುರಿದ ಮಣ್ಣಿಗೆ ನಂಟಿಲ್ಲ. ಮಳೆಯೇ ಇಳಿಸಬೇಕು. ಆದರೆ ತನ್ನ ಹೊಲದಲ್ಲಿ ಏನು ಬಿತ್ತಬೇಕು, ಏನು ಕೀಳಬೇಕು ಎಂಬುದು ಅವರವರ ಇಷ್ಟ. ಹೀಗಾಗಿ ನಮ್ಮೂರವರು ಬೆಳೆಯನ್ನು ಹೊಟ್ಟೆಗೆಂದಷ್ಟೇ ಬೆಳೆಯುವುದಿಲ್ಲ. ಗಾಣದ ಮನೆಯವರ ನಂಟು ಬೇಕೆಂದು ಮುದ್ದಯ್ಯನೆಂಬವನು ಅವರ ಹೊಲದ ಮೇಲಿದ್ದ ತನ್ನ ಹೊಲದಲ್ಲಿ ವರ್ಷವರ್ಷವೂ ಆಲೂಗೆಡ್ಡೆಯನ್ನೇ ಹಾಕಿದ. ಮೇಲಿನಿಂದ ಕೆಳಕ್ಕೆ ನೆಟ್ಟಗೆ ಸಾಲು ಹೊಡೆದ. ಮಣ್ಣೇನೋ ಇಳಿಯಿತು, ಇಳಿಯುವಾಗ ಓರೆ ಹಿಡಿದು ಊರ ಹಜಾಮನ ಹೊಲದಲ್ಲಿ ಕೂತಿತು. ಈಗ ಅವನಿಗೆ ಗಾಣದೆಣ್ಣೆ ಇಲ್ಲ, ಕ್ಷೌರ ಪುಕ್ಕಟೆ. ಶುಂಠಿಯ ಹುಚ್ಚು ಹಿಡಿದ ಮನೆಗಳಂತೂ ಊರಿಗೆಲ್ಲ ಅಣ್ಣತಮ್ಮಂದಿರಾಗಿ, ಹೆಣ್ಣು ತರಲು ಹೊಳೆಯಾಚೆ ಹೋಗಬೇಕು. ಕೂಟ ನೋಡುವ ಮೊದಲು ಕೊರಕಲು ನೋಡು ಎಂಬ ಗಾದೆ ಹುಟ್ಟಿದ್ದೇ ಹಾಗೆ.

ನಮ್ಮ ಮನೆಯ ಮಣ್ಣು ಯಾರ ಹೊಲಕ್ಕೂ ಇಳಿದದ್ದಿಲ್ಲ. ಅದೊಂದು ಹೆಮ್ಮೆ. ಗಟ್ಟಿಮಣ್ಣಿನವರು ಎಂದೇ ನಮ್ಮನ್ನು ಕರೆಯುತ್ತಾರೆ. ಗಟ್ಟಿಮಣ್ಣಿನ ಮನೆಯ ಹೆಣ್ಣಿಗೆ ಊರಿನ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಆದರೆ ನಾನು ಹುಟ್ಟಿದ ಮನೆಗೆ ಮಳೆ ನಿಂತಾಗಲೆಲ್ಲ ಯಾರದಾದರೂ ಮೊರ ಹತ್ತುತ್ತಿತ್ತು. ಅವ್ವ ಮಡಿಲೊಡ್ಡುತ್ತಿದ್ದಳು, ನಗುತ್ತಿದ್ದಳು, ಒಲೆ ಉರಿಯುತ್ತಿತ್ತು. ಈ ಮನೆಯ ಹೊಸಲಿಗೆ ಅಂಥ ಹೆಜ್ಜೆ ಬಂದದ್ದೇ ಇಲ್ಲ. ನಮ್ಮತ್ತೆ ತೀರಿಕೊಂಡಾಗ ಊರೆಲ್ಲ ಬಂದು ಹೋಯಿತು. ಸೂತಕ ಹಿಡಿದು ಕೂತವರು ಮಾತ್ರ ನಾವು ಮೂವರೇ. ಮಡಿಲಿಗೆ ಮಣ್ಣು ಬಿದ್ದಾಗ ಅದರ ಭಾರ ಹೇಗಿರುತ್ತದೆ ಎಂದು ಅವ್ವನನ್ನು ಕೇಳಬೇಕಿತ್ತು ಅನ್ನಿಸಿದ್ದು ಆಗಲೇ.

ಮೂವರೆಂದರೆ ನಾನು, ನಮ್ಮನೆಯವರು, ಮಗಳು ರಾಜಮಣಿ. ಆ ವರ್ಷ ಮಣಿಯನ್ನು ಕೆಳಗಿನ ಹೊಲದ ದುಂಡಮ್ಮನ ಮಗ ನಂಜುಂಡನಿಗೆ ಕೊಡುವ ಮಾತಾಗಿತ್ತು. ಮಳೆ ನಿಂತ ಮೇಲೆ ವೀಳ್ಯ ಬದಲಿಸುವುದೆಂದು ಎರಡೂ ಕಡೆ ಒಪ್ಪಿಗೆ. ನಂಜುಂಡ ಕೆಲಸಗಾರ, ಬಾಯಿ ಕಡಿಮೆ, ನೋಡಿದರೆ ನಗುತ್ತಾನೆ. ದುಂಡಮ್ಮ ಗಂಡ ಸತ್ತಾಗಿನಿಂದ ಹೊಲ, ಮನೆ, ಮಗ ಮೂರನ್ನೂ ಒಬ್ಬಳೇ ಎತ್ತಿದವಳು. ಬೇಡವೆನ್ನಲು ಯಾರಿಗೂ ಏನೂ ಸಿಗಲಿಲ್ಲ. ಮಣಿಯನ್ನು ಕೇಳಿದಾಗ ಅವಳು ಬೇಡವೆನ್ನಲಿಲ್ಲ. ಹೂಂ ಎಂದಳೋ ಇಲ್ಲವೋ ಎಂದು ಈಗ ನೆನೆಸಿಕೊಂಡರೆ ನನಗೆ ನೆನಪಿಗೆ ಬರುವುದು ಅವಳು ಎದ್ದುಹೋಗಿ ಹಸುವಿಗೆ ನೀರಿಟ್ಟದ್ದು ಮಾತ್ರ.

ಮಣಿ ಒಬ್ಬಳೇ ಮಗಳು, ನಂಜುಂಡ ಒಬ್ಬನೇ ಮಗ. ಮೇಲಿನ ಬದು ಕೆಳಗಿನ ಬದುವಿನಲ್ಲಿ ಇಬ್ಬರೂ ಒಟ್ಟಿಗೇ ಬೆಳೆದವರು. ಕಾಲಿಗೆ ಮುಳ್ಳು ಚುಚ್ಚಿದರೆ ಅವಳು ನನ್ನನ್ನು ಕೂಗುವ ಮೊದಲು ನಂಜುಂಡಣ್ಣ ಎಂದು ಕೆಳಕ್ಕೆ ಕೂಗುತ್ತಿದ್ದಳು. ಮದುವೆಯ ಮಾತು ಆಡಿದ ದಿನ ದುಂಡಮ್ಮ ಅವಳ ಗಲ್ಲ ಹಿಡಿದು, ಇನ್ನು ಮೇಲೆ ಅಣ್ಣ ಗಿಣ್ಣ ಎಲ್ಲ ಬಿಟ್ಟುಬಿಡಬೇಕು ಕಣಮ್ಮಿ ಎಂದು ನಕ್ಕಿದ್ದಳು. ನಾವೂ ನಕ್ಕೆವು.

ಹಾಗಾಗಿ ಚೊಂಬಿನ ತಳದ ಆ ಹಳದಿ ಬರಿಯ ಮಣ್ಣಾಗಿರಲಿಲ್ಲ. ನಮ್ಮ ಹೊಲದ ಕೆಳಗೆ ಬೇರೆ ಯಾರ ಹೊಲವೂ ಇಲ್ಲ, ದುಂಡಮ್ಮನದೊಂದೇ. ಮಳೆ ನಿಲ್ಲುವುದರೊಳಗೆ ಒಂದು ಮೊರ ಇಳಿದರೆ ಮದುವೆ ಮುರಿಯಿತು.

ನಮ್ಮನೆಯವರಿಗೆ ಚೊಂಬು ತೋರಿಸಿದೆ. ಅವರು ಬೆರಳಲ್ಲಿ ತೆಗೆದು ತಿಕ್ಕಿ ನೋಡಿದರು, ಮುಖ ಸಣ್ಣದಾಯಿತು. ಯಾಕೆಂದು ನನಗೆ ಗೊತ್ತಿತ್ತು. ಹಿಂದಿನ ಹುಲ್ಲಿನ ವರ್ಷ, ಒಳ್ಳೆ ನೆಲವನ್ನು ಸುಮ್ಮನೆ ಮಲಗಿಸುವುದೇಕೆ ಎಂದು ಅವರು ಮೂಡಲ ಕಡೆಯ ಒಂದಿಷ್ಟು ಜಾಗ ಅಗೆದು ಶುಂಠಿ ಹಾಕಿದ್ದರು. ಶುಂಠಿಗೆ ನೆಲವನ್ನು ಹುಡಿ ಮಾಡಬೇಕು. ಕೀಳುವಾಗ ಇನ್ನೊಂದು ಸಲ ಬುಡಮೇಲು ಮಾಡಬೇಕು. ಆ ವರ್ಷ ಶುಂಠಿ ಪಾತಿಯಿಂದ ಹೊರಟ ಹಳದಿ, ಕೆಳಗಿನ ಹುಲ್ಲಿನಲ್ಲಿ ಸಿಕ್ಕಿಕೊಂಡು ಬದುವಿನೊಳಗೇ ಉಳಿದಿತ್ತು. ಈಗ ಹುಲ್ಲಿಲ್ಲ.

"ಅದೇ ಶುಂಠಿದು" ಎಂದರು. "ಸುತ್ತು ಮುರಿಬೇಡ ಅಂತ ಅವ್ವ ಬಡ್ಕೊಂಡ್ಲು."

ನನಗೂ ಹಾಗೇ ಅನ್ನಿಸಿತು. ಒಂದು ವರ್ಷ ಹೊಲಿಗೆ ತಪ್ಪಿದರೆ ಅದು ಎಷ್ಟು ವರ್ಷದವರೆಗೆ ಬಿಚ್ಚುತ್ತ ಹೋಗುತ್ತದೆ ಎಂದು ನೋಡುವ ಕುತೂಹಲವೂ ಹುಟ್ಟಿತು. ಮುಂದಿನ ಮಳೆಯ ಮೋಡ ಕಂಡ ಕೂಡಲೇ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಕಂಕುಳಿಗೆ ತುರುಕಿಕೊಂಡು ಹೊಲಕ್ಕೆ ಹೋದೆ. ಶುಂಠಿ ಹಾಕಿದ್ದ ಜಾಗದ ಕೆಳಗೆ ಒಂದು ಬೋಗುಣಿ ಹೂತಿಟ್ಟೆ. ನಡುವೆ ಹಳೆಯ ತಂಬಿಗೆ, ಪಡುವಣ ಹೊಂಗೆಮರದ ಕೆಳಗಿನ ಬದುವಿಗೆ ಮಡಕೆ, ಎಲ್ಲದರ ಬಾಯಿಯೂ ನೆಲದ ಮಟ್ಟಕ್ಕೆ. ಬದುವಿನ ಮೇಲೆ ಹೋಗುತ್ತಿದ್ದವರು ಯಾರೋ, ಮಳೆಗೆ ಅಡುಗೆ ಮಾಡಿ ಬಡಿಸ್ತೀಯೇನವ್ವ ಎಂದು ಕೇಳಿ ನಕ್ಕರು.

ಮಳೆ ಬಂದು ಹೋಯಿತು. ಬೋಗುಣಿಯಲ್ಲಿ ಹೆಚ್ಚೆಂದರೆ ಒಂದು ಚಿಟಿಕೆ ಮಣ್ಣು. ಶುಂಠಿಯ ಜಾಗದ ಮೇಲೂ ಹೋದ ವರ್ಷದ ರಾಗಿ ಬೇರು ಬಿಟ್ಟಿತ್ತು, ಈ ವರ್ಷದ ಹುರುಳಿ ದಟ್ಟವಾಗಿ ಹಬ್ಬಿತ್ತು. ಎಲೆಯ ಮೇಲೆ ಬಿದ್ದ ಹನಿ ಅಲ್ಲೇ ಒಡೆದು ಮೆಲ್ಲಗೆ ಇಳಿದಿತ್ತು. ಮುರಿದ ಸುತ್ತನ್ನು ನೆಲ ತಾನೇ ಕೂಡಿಸಿಕೊಂಡಿತ್ತು. ನಡುವಿನ ತಂಬಿಗೆಯಲ್ಲಿ ಬರಿಯ ನೀರು. ಹೊಂಗೆಮರದ ಕೆಳಗಿನ ಮಡಕೆಯನ್ನು ಮಾತ್ರ ಎತ್ತಲಾಗಲಿಲ್ಲ. ಅರ್ಧಕ್ಕರ್ಧ ಹಳದಿ ಕೆಸರು.

ಪಡುವಣ ಭಾಗಕ್ಕೆ ಶುಂಠಿ ಸೋಕಿಯೇ ಇರಲಿಲ್ಲ. ಅತ್ತೆಯ ಸುತ್ತು ಒಂದು ವರ್ಷವೂ ತಪ್ಪದೆ ನಡೆದ ಜಾಗ ಅದು. ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅತ್ತೆ ಹೇಳಿದ್ದು ತಪ್ಪೇ ಅಥವಾ ನಾನು ಕೇಳಿಸಿಕೊಂಡದ್ದು ತಪ್ಪೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ದುಂಡಮ್ಮ ಏದುಸಿರು ಬಿಡುತ್ತ ಹತ್ತಿಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈ ಮೊಣಕೈವರೆಗೂ ಕೆಸರಾಗಿತ್ತು.

"ಏನ್ ಬೀಗ್ತಮ್ಮ, ಮೇಲಿಂದ ಅರಿಸಿನ ಕಳಿಸ್ತಾ ಇದೀಯ? ಮದ್ವೆಗೆ ಇನ್ನೂ ಹೊತ್ತದೆ ಕಣವ್ವ" ಎಂದಳು. ನಾನು ನಗಲಿಲ್ಲ. ಅವಳು ಅತ್ತಿತ್ತ ನೋಡಿ ಪಕ್ಕದಲ್ಲೇ ಕೂತಳು. "ಹೋದ ಮಳೇಲಿ ಒಂದ್ ಬೊಗಸೆ ಇಳಿದಿತ್ತು. ಹೊತ್ತಾರೆ ಎದ್ದು ನಾನೇ ಬಾಚಿ ಹಳ್ಳಕ್ಕೆ ಹಾಕ್ದೆ. ಇವತ್ತೂ ಹಾಕಿ ಬಂದೆ. ದೇವ್ರು ನೋಡಿರ್ತಾನೆ. ನೋಡ್ಲಿ ಬಿಡು, ದೇವ್ರೇನು ಮೊರ ಹೊತ್ಕಂಡು ಬರಲ್ಲ."

ದುಂಡಮ್ಮ ಹೀಗೆ ಮಾಡಬಹುದೆಂದು ನಾನು ಅಂದುಕೊಂಡಿರಲಿಲ್ಲ. ಊರಿನಲ್ಲಿ ಇಳಿದ ಮಣ್ಣನ್ನು ಹಳ್ಳಕ್ಕೆ ತಳ್ಳುವುದೆಂದರೆ ಬಾಗಿಲಿಗೆ ಬಂದ ನಂಟರನ್ನು ಹಿಂದಕ್ಕೆ ಕಳಿಸಿದ ಹಾಗೆ. ಅವಳಿಗೆ ನನ್ನ ಮಗಳು ಅಷ್ಟು ಬೇಕಾಗಿದ್ದಳು.

"ಬೊಗಸೆ ಆದ್ರೆ ಬಾಚ್ತೀನಿ ದೇವೀರಮ್ಮ" ಎಂದಳು, ಈಗ ನಗೆಯಿಲ್ಲದೆ. "ಮೊರದಷ್ಟಾದ್ರೆ ನನ್ ಕೈಲಾಗಲ್ಲ. ನಮ್ ನೆಲ ಕರ್ರಗದೆ, ನಿಮ್ ಮಣ್ಣು ಆಚೆ ದಿಬ್ಬಕ್ಕೂ ಎದ್ದು ಕಾಣ್ತದೆ. ದೊಡ್ ಮಳೆ ಇನ್ನೂ ಬಂದಿಲ್ಲ. ಅಷ್ಟರೊಳಗೆ ಅದ್ಯಾವ ಬಾಯಿ ಬಿಟ್ಕೊಂಡದೋ ನೋಡಿ ಮುಚ್ಚು."

ಅವಳು ಇಳಿದುಹೋದ ಮೇಲೆ ಹೊಂಗೆಮರದ ಹಿಂದಕ್ಕೆ ಹತ್ತಿದೆ. ಆ ಜಾಗ ಮನೆಗೂ ಕಾಣುವುದಿಲ್ಲ, ದಾರಿಗೂ ಕಾಣುವುದಿಲ್ಲ. ಹಸಿರು ಹುರುಳಿಯ ನಡುವೆ ಬೈತಲೆ ತೆಗೆದ ಹಾಗೆ ಮೇಲಿನಿಂದ ಕೆಳಕ್ಕೆ ಒಂದು ಬೋಳು ಪಟ್ಟಿ. ಹುರುಳಿ ಬುಡಸಹಿತ ಹೋಗಿತ್ತು. ರಾಗಿ ಕೂಳೆಯೂ ಇಲ್ಲ. ನೆಲ ಮೆದುವಾಗಿ ಕೆದಕಿತ್ತು. ಹಂದಿಯಾದರೆ ಅಲ್ಲಲ್ಲಿ ಉಳುತ್ತದೆ. ಜಿಂಕೆಯಾದರೆ ಕುಡಿ ಕಚ್ಚಿ ಬೇರು ಬಿಡುತ್ತದೆ. ಇಳಿಜಾರಿಗೆ ನೆಟ್ಟಗೆ ಗೆರೆ ಎಳೆಯುವ ಪ್ರಾಣಿ ಮನುಷ್ಯ ಒಂದೇ. ಕಿತ್ತ ಬಳ್ಳಿ ಎಲ್ಲಿಯೂ ಬಿದ್ದಿರಲಿಲ್ಲ. ಅದು ಎಲ್ಲಿಗೆ ಹೋಯಿತು ಎಂಬುದೊಂದೇ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಉತ್ತರ ಕೊಟ್ಟಿಗೆಯಲ್ಲಿತ್ತು. ಸಂಜೆ ಹಾಲು ಕರೆಯಲು ಕೂತಾಗ ಹಸು ಏನನ್ನೋ ಜಗಿಯುತ್ತಿತ್ತು. ಬಾಯಿಯ ಅಂಚಿನಿಂದ ಹುರುಳಿ ಬಳ್ಳಿಯ ತುದಿ ಜೋತಾಡುತ್ತಿತ್ತು, ತುದಿಯಲ್ಲಿ ಬೇರು, ಬೇರಿನಲ್ಲಿ ಹಳದಿ ಮಣ್ಣಿನ ಒಂದು ಹರಳು. ಹಸುವಿಗೆ ಮೇವು ಹಾಕುವವಳು ಮಣಿ.

ಮರುದಿನ ಊಟವಾಗಿ ಎಲ್ಲರೂ ಒರಗುವ ಹೊತ್ತಿಗೆ ನಾನೂ ಚಾಪೆ ಹಾಸಿ ಕಣ್ಣು ಮುಚ್ಚಿದೆ. ಹಿತ್ತಲ ಬಾಗಿಲು ಸದ್ದಾಯಿತು. ಸ್ವಲ್ಪ ಬಿಟ್ಟು ಹಿಂದೆ ಹೋದೆ. ಮಣಿ ಪಟ್ಟಿಯ ಮೇಲ್ತುದಿಯಲ್ಲಿ ಕೂತಿದ್ದಳು. ಕಳೆ ತೆಗೆಯುವ ಕುರ್ಪಿಯಿಂದ ಬುಡ ಸಡಿಲಿಸಿ, ಒಂದೊಂದು ಹುರುಳಿ ಗಿಡವನ್ನೂ ಬೇರು ಹರಿಯದಂತೆ ಎತ್ತಿ, ಮಣ್ಣು ಕೊಡವಿ, ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅವಸರವಿರಲಿಲ್ಲ. ಅವಳ ಕೈ ಹೂ ಬಿಡಿಸುವವರ ಕೈಯ ಹಾಗಿತ್ತು. ಆಗಾಗ ತಲೆಯೆತ್ತಿ ಕೆಳಗೆ, ಕಪ್ಪು ಹೊಲದ ಕಡೆಗೆ ನೋಡುತ್ತಿದ್ದಳು, ನೀರು ಇಲ್ಲಿಂದ ಹೊರಟರೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಅಳೆಯುವ ಹಾಗೆ.

ಹೋಗಿ ಕೈ ಹಿಡಿದೆಳೆಯಬಹುದಿತ್ತು. ನಾನು ಮರದ ಹಿಂದೆ ನಿಂತೇ ಇದ್ದೆ. ನನ್ನ ಮಗಳಿಗೆ ಹೊಲದ ಕೆಲಸದಲ್ಲಿ ಆಸೆಯಿಲ್ಲ ಎಂದು ನಾನು ತಿಳಿದಿದ್ದೆ. ಕೂಳೆ ಬಿಡುವುದು ಯಾಕೆ, ಅಡ್ಡ ಉಳುವುದು ಯಾಕೆ ಎಂದು ಹೇಳಿಕೊಡುವಾಗ ಅವಳು ಆಕಳಿಸುತ್ತಿದ್ದಳು. ಈಗ ನೋಡಿದರೆ ಪ್ರತಿಯೊಂದೂ ಅವಳಿಗೆ ಬರುತ್ತಿತ್ತು, ತಿರುಗುಮುರುಗಾಗಿ. ಹಿಡಿಯುವುದನ್ನು ಕಿತ್ತಳು, ಹೊದಿಸಿದ್ದನ್ನು ತೆಗೆದಳು, ಅಡ್ಡ ಇದ್ದದ್ದನ್ನು ಉದ್ದ ಮಾಡಿದಳು. ಸದ್ದಿಲ್ಲದೆ ಮನೆಗೆ ಬಂದು ಚಾಪೆಯ ಮೇಲೆ ಮಲಗಿದೆ.

ಸಂಜೆ ಇಬ್ಬರೂ ಹೋದ ವರ್ಷ ಒಣಗಿಸಿಟ್ಟಿದ್ದ ಅವರೆಕಾಯಿ ಸುಲಿಯುತ್ತ ಕೂತೆವು. ದೊಡ್ಡ ಮಳೆ ಬರುವ ಸೆಕೆ. ಗಾಳಿ ನಿಂತಿತ್ತು. ಕೆಳಗೆ ನಂಜುಂಡ ಎತ್ತು ಹೊಡೆದುಕೊಂಡು ಹೋಗುತ್ತಿದ್ದ. ನಮ್ಮ ಜಗುಲಿಯ ನೇರಕ್ಕೆ ಬಂದಾಗ ಅವನ ತಲೆ ತಾನಾಗಿ ಮೇಲಕ್ಕೆದ್ದಿತು, ತಟ್ಟನೆ ತಗ್ಗಿತು. ಮಣಿಯೂ ಸಿಪ್ಪೆಯ ಕಡೆಗೆ ಬಗ್ಗಿದಳು. ಹಿಂದೆಲ್ಲ ಅವನು ಆ ತಿರುವಿಗೆ ಬಂದನೆಂದರೆ ಇವಳು ಇಲ್ಲಿಂದ ಏನಾದರೂ ಕೂಗಿ ರೇಗಿಸದೆ ಬಿಟ್ಟದ್ದಿಲ್ಲ.

"ಮಾತಾಡ್ಸಬಾರ್ದ?" ಎಂದೆ. "ಯಾರು ಏನಂತಾರೆ?"

ಅವಳು ಕಾಯಿಯೊಂದನ್ನು ಬಿಚ್ಚಿ, ಕಾಳನ್ನು ಬೆರಳಲ್ಲಿ ಉರುಳಿಸಿ, ಬೋಗುಣಿಗೆ ಹಾಕಿದಳು.

"ಏನಂತ ಕರೀಲಿ?" ಎಂದಳು. "ಅದೊಂದ್ ಹೇಳ್ಕೊಡವ್ವ, ಮಾತಾಡಿಸ್ತೀನಿ."

ಹೆಂಡತಿ ಗಂಡನನ್ನು ಹೇಗೆ ಕರೆಯುತ್ತಾಳೆ ಎಂದು ಅವಳಿಗೆ ಗೊತ್ತು. ನಾನು ಅವಳಪ್ಪನನ್ನು ಕರೆಯುವುದನ್ನು ಹುಟ್ಟಿದಾಗಿನಿಂದ ಕೇಳಿದ್ದಾಳೆ. ಅವಳು ಕೇಳಿದ್ದು ಆ ಮಾತನ್ನಲ್ಲ. ತನ್ನ ಬಾಯಿಂದ ಕಿತ್ತುಕೊಂಡ ಮಾತನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಿದ್ದಳು. ಅವಳ ಮುಖದಲ್ಲಿ ಹಟವಿರಲಿಲ್ಲ, ಅಳುವಿರಲಿಲ್ಲ. ಎಲ್ಲಿಯೋ ಮರೆತಿಟ್ಟದ್ದನ್ನು ಹುಡುಕುವವರ ಮುಖದ ಹಾಗಿತ್ತು. ಬೇಡವೆಂದು ಬಾಯಿಬಿಟ್ಟು ಹೇಳಿದ್ದರೆ ದುಂಡಮ್ಮನ ಮನೆಯ ಬಾಗಿಲು ಮುಚ್ಚುತ್ತಿತ್ತು, ನಂಜುಂಡನೂ ಆಚೆಯವನಾಗುತ್ತಿದ್ದ. ಮಣ್ಣು ಇಳಿದರೆ ಮದುವೆಯ ಬಾಗಿಲೊಂದೇ ಮುಚ್ಚುತ್ತದೆ, ಉಳಿದ ಬಾಗಿಲುಗಳೆಲ್ಲ ತೆರೆಯುತ್ತವೆ. ಇದನ್ನು ಅವಳು ಒಬ್ಬಳೇ ಕೂತು ಯೋಚಿಸಿದ್ದಳು. ನನ್ನ ಮನೆಯಲ್ಲೇ, ನನ್ನ ಪಕ್ಕದಲ್ಲೇ.

ಬೆಳಿಗ್ಗೆ ನಮ್ಮನೆಯವರು ಹೊಂಗೆಮರದ ಕೆಳಗೆ ಹೋಗಿ ಬಂದರು. ಹಂದಿ ಕೆದಕಿದೆ ಎಂದರು. ಹೌದೆಂದೆ. ಆಕಾಶ ಬೆಟ್ಟದಂಚಿಗೆ ಇಳಿದು ಕೂತಿತ್ತು. ಅವರಿಗೆ ಬೆನ್ನು ಹಿಡಿದಿತ್ತು, ಬಗ್ಗಿ ಕಲ್ಲು ಹೊರುವಂತಿರಲಿಲ್ಲ.

"ಅಡ್ಡ ಎರಡು ಸಾಲು ಕಲ್ಲು ಕೊಟ್ಟು, ಗರಿಕೆ ಹೆಂಟೆ ತುಂಬ್ಬುಡು ದೇವೀರಿ" ಎಂದರು. "ನಿನ್ ಕೈ ಬಿದ್ರೆ ಹಿಡಿ ಮಣ್ಣೂ ಆಚೆಗೋಗಲ್ಲ. ಈ ಮಳೆ ಒಂದ್ ದಾಟ್ಬುಟ್ರೆ ಮುಂದ್ಲ ವಾರ ವೀಳ್ಯ."

ಮಣಿ ಒಲೆಯ ಮುಂದಿದ್ದಳು. ಊದುಗೊಳವಿ ಹಿಡಿದ ಕೈ ಹಾಗೇ ನಿಂತದ್ದನ್ನು ನಾನು ನೋಡಿದೆ. ತಾನೂ ಬರುತ್ತೇನೆಂದಳು. ಬೇಡ, ಒಬ್ಬಳೇ ಮಾಡುತ್ತೇನೆ ಎಂದು ಗುದ್ದಲಿ, ಬುಟ್ಟಿ ಎತ್ತಿಕೊಂಡು ಹೊರಟೆ.

ಬದುವಿನ ಗರಿಕೆಯನ್ನು ಬೇರಿನ ಸಮೇತ ಹೆಂಟೆಹೆಂಟೆಯಾಗಿ ಕಡಿದು ಬುಟ್ಟಿ ತುಂಬಿದೆ. ಕಲ್ಲು ಸಾಗಿಸಿದೆ. ಪಟ್ಟಿಯ ಮೇಲ್ತುದಿಯಲ್ಲಿ ನಿಂತು ಕೆಳಗೆ ನೋಡಿದೆ. ಕೆಲಸ ಬಹಳ ಸುಲಭದ್ದು. ಎರಡು ಕಡೆ ಅಡ್ಡ ಕಟ್ಟಿದರೆ ನೀರು ಅಲ್ಲಲ್ಲೇ ನಿಂತು ಇಂಗುತ್ತದೆ. ಗಟ್ಟಿಮಣ್ಣಿನವರು ಗಟ್ಟಿಮಣ್ಣಿನವರಾಗಿಯೇ ಉಳಿಯುತ್ತಾರೆ. ಹಾಗೇ ಬಿಟ್ಟರೆ ಏನಾಗುತ್ತದೆ ಎಂದೂ ನೋಡಿದೆ. ಹುಡುಗಿ ದಾರಿ ಮಾಡಿದ್ದಳು, ದಾರಿಗೆ ಅಂಚು ಮಾಡಿರಲಿಲ್ಲ. ದೊಡ್ಡ ಮಳೆಯ ನೀರು ಈ ಪಟ್ಟಿಗೆ ಬಿದ್ದರೆ ಎರಡೂ ಪಕ್ಕವನ್ನು ಕಚ್ಚುತ್ತ, ಕೆಳಗಿನಿಂದ ಮೇಲಕ್ಕೆ ಕೊರೆಯುತ್ತ ಬರುತ್ತದೆ. ಈ ವರ್ಷ ಮೊರದಷ್ಟು, ಮುಂದಿನ ವರ್ಷ ಗಾಡಿಯಷ್ಟು, ಆಮೇಲೆ ಹೊಂಗೆಮರದ ಬುಡವೂ ಉಳಿಯುವುದಿಲ್ಲ. ಅವಳಿಗೆ ಬಿಡಲು ಬರುತ್ತದೆ. ಎಷ್ಟು ಬಿಡಬೇಕು ಎಂಬುದು ಇನ್ನೂ ಬಾರದು.

ಹೆಂಟೆಯೊಂದನ್ನು ಎತ್ತಿ ತಿರುವಿ ನೋಡಿದೆ. ಬೇರಿನ ಸಂದಿಯಲ್ಲಿ ಅತ್ತೆಯ ಮಣ್ಣು, ಅವರತ್ತೆಯ ಮಣ್ಣು. ಅವರಲ್ಲಿ ಯಾರಿಗಾದರೂ ಒಮ್ಮೆಯಾದರೂ ಇದು ಇಳಿಯಲಿ ಅನ್ನಿಸಿತ್ತೋ ಏನೋ. ಅನ್ನಿಸಿದ್ದರೂ ಚೊಂಬಿಗೆ ಅದು ಕಂಡಿರಲಾರದು.

ಪಟ್ಟಿಯ ಬಲ ಪಕ್ಕಕ್ಕೆ ಉದ್ದಕ್ಕೂ ಗರಿಕೆ ಹೆಂಟೆ ಒತ್ತೊತ್ತಾಗಿ ಇಟ್ಟು ಕಾಲಲ್ಲಿ ತುಳಿದೆ. ಎಡ ಪಕ್ಕಕ್ಕೂ ಹಾಗೇ. ಮೇಲ್ಗಡೆಯ ಅರ್ಧಕ್ಕೆ ಅಡ್ಡವಾಗಿ ಕಲ್ಲು ಹೂತು, ಅದರಾಚೆ ಕೊರೆತ ಮೇಲಕ್ಕೆ ಹತ್ತದಂತೆ ಭದ್ರ ಮಾಡಿದೆ. ಸೆರಗಿನಲ್ಲಿ ಕಟ್ಟಿ ತಂದಿದ್ದ ಹುರುಳಿಯನ್ನು ಅಂಚಿಗೆ ಎರಚಿದೆ. ಕೆಳಗಿನ ಅರ್ಧವನ್ನು ಮುಟ್ಟಲಿಲ್ಲ. ಕೊನೆಯಲ್ಲಿ, ಬದು ದಾಟುವಲ್ಲಿ, ಎರಡು ಕಲ್ಲುಗಳ ನಡುವೆ ಒಂದು ಬಾಯಿ ಬಿಟ್ಟೆ. ಎಷ್ಟು ಅಗಲ ಬಿಡಲಿ ಎಂದು ಎರಡೂ ಕೈ ಚಾಚಿ, ಮೊರ ಹಿಡಿದ ಹಾಗೆ ಹಿಡಿದು ನೋಡಿದೆ. ಅಷ್ಟೇ ಬಿಟ್ಟೆ.

ಎದ್ದು ಸೊಂಟ ನೆಟ್ಟಗೆ ಮಾಡುವಾಗ ಮೊದಲ ಹನಿ ತೋಳಿನ ಮೇಲೆ ಬಿತ್ತು. ಕೆಳಗೆ ದುಂಡಮ್ಮ ತನ್ನ ಅಂಗಳದಲ್ಲಿ ಒಣಹಾಕಿದ್ದನ್ನೆಲ್ಲ ಒಳಕ್ಕೆಳೆಯುತ್ತ ನನ್ನತ್ತ ಕೈಯೆತ್ತಿದಳು. ಆಯಿತೇ ಎಂದು ಕೇಳುವ ಹಾಗೆ. ನಾನೂ ಕೈಯೆತ್ತಿದೆ. ಸೊಸೆ ಸಿಗಲಿಲ್ಲವೆಂದು ಅವಳು ಅಳುತ್ತಾಳೆ. ಅತ್ತುಕೊಂಡೇ ಮೊರ ಹೊತ್ತು ಬರುತ್ತಾಳೆ, ಬಂದವಳನ್ನು ಕೂರಿಸಿಕೊಳ್ಳಲು ನನಗೆ ಬರುತ್ತದೆ.

ಮನೆಗೆ ಬಂದಾಗ ನಮ್ಮನೆಯವರು ಜಗುಲಿಯಿಂದಲೇ ಮುಚ್ಚಿದೆಯಾ ಎಂದು ಕೇಳಿದರು. ಎಷ್ಟು ಮಾಡಬೇಕೋ ಅಷ್ಟು ಮಾಡಿದ್ದೇನೆ ಎಂದೆ. ಮಣಿ ನನ್ನ ಕೈಗೆ ನೀರು ಹಾಕಿದಳು. ಉಗುರಿನ ಸಂದಿಯ ಹಳದಿ ಹೋಗುವವರೆಗೂ ಹಾಕುತ್ತಲೇ ಇದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಹೇಳಿಬಿಡೋಣವೆನ್ನಿಸಿತು. ಹೇಳಲಿಲ್ಲ. ಅವಳು ಮಾಡಿದ್ದು ಅವಳದೇ ಆಗಿ ಇರಲಿ, ನನ್ನದು ನನ್ನದಾಗಿ.

ದೀಪ ಹಚ್ಚುವ ಹೊತ್ತಿಗೆ ಮಳೆ ಹೆಂಚಿನ ಮೇಲೆ ಮಾತು ಕೇಳಿಸದಷ್ಟು ಜೋರಾಯಿತು. ಬೆಳಗಿನ ಬಸ್ಸಾರಿಗೆ ನೆನೆಹಾಕಲು ಹುರುಳಿ ತೆಗೆದೆ. ನಮ್ಮ ಮೂವರಿಗೆ ಆಗುವಷ್ಟು ಅಳೆದು ಪಾತ್ರೆಗೆ ಸುರಿದೆ. ಆಮೇಲೆ ಡಬ್ಬಕ್ಕೆ ಮತ್ತೆ ಕೈ ಹಾಕಿ ಇನ್ನೂ ಎರಡು ಹಿಡಿ ಹಾಕಿದೆ.

"ಯಾಕವ್ವ ಇಷ್ಟೊಂದು?" ಎಂದಳು ಮಣಿ.

"ಮಳೆಗಾಲ, ಹಸಿವು ಜಾಸ್ತಿ" ಎಂದು ನೀರು ಹೊಯ್ದು ಮುಚ್ಚಿಟ್ಟೆ.